ನೆತ್ತಿ ಬಿದ್ದ ಬ್ಯಾಸಿಗಿ

ಉಜ್ಜಿನಿ
೨೭ ಮಾರ್ಚ್ ೨೦೨೫, ಗುರುವಾರ

ಮಗಳು ಕೀರ್ತನಾಗ,

ನಿಮ್ಮವ್ವ ಶಾಂತಕುಮಾರಿ ಬರಿಯೋದು. ಇಲ್ಲಿ ನಾನು, ನಿಮ್ಮಪ್ಪ, ಹಿತ್ತಲದಾಗಿನ ಎಮ್ಮಿ ಎಲ್ಲಾರೂ ನೆಟ್ಟಗದೀವಿ. ಅಲ್ಲಿ ಹೊಳಲಾಗ ನೀನು, ಅಳಿಯಂದ್ರು, ನಿಮ್ಮತ್ತಿ, ನಮ್ಮ ಕೂಸು ಪ್ರಬುದ್ಧ ಚೆಂದಾಗಿ ಅದೀರಿ ಅಂತ ತಿಳ್ಕೊಂಡು ಬರಿಯಾಕ ಹತ್ತೀನಿ. ಚೆಂದಾಗಿಲ್ಲ ಅಂತ ಗೊತ್ತೈತಿ, ಆದ್ರೂ ಕಾಗದ ಅಂದ ಮ್ಯಾಲೆ ಹಂಗ ಸುರು ಮಾಡಬೇಕಲ್ಲ.

ತಡ ಮಾಡಿಬಿಟ್ಟೆ, ಬೈಯಬ್ಯಾಡ. ಕೂಸು ಹುಟ್ಟಿ ನಾಕು ತಿಂಗಳಾತು. ತೊಟ್ಲಿಗೆ ಹಾಕೋ ದಿನ ಬಂದು ಒಂದೊಪ್ಪತ್ತು ಇದ್ದು ಹೋಗಿದ್ದು ಬಿಟ್ರ ನಿನ್ನ ಕಡಿ ಹೊಳ್ಳಿ ನೋಡಿಲ್ಲ. ಅಂಗನವಾಡ್ಯಾಗ ಕೆಲಸ ಜಾಸ್ತಿ, ಎಲ್ಲಾ ಕೂಸುಗಳ ತೂಕ, ಎತ್ತರ ಫೋನಿನಾಗ ತುಂಬಬೇಕು, ನೆಟ್‌ವರ್ಕ್ ಸಿಗಲ್ಲ, ಮಾಳಿಗಿ ಹತ್ತಿ ನಿಲ್ಲಬೇಕು ಅಂತ ಹತ್ತು ನೆಪ ಹೇಳೀನಿ. ಎಲ್ಲಾ ಖರೇನ. ಆದ್ರ ಬರದೇ ಇದ್ದದ್ದು ಅದಕ್ಕಲ್ಲ. ಫೋನ್ ಹಚ್ಚಿದ್ರ ನಾನು "ಉಂಡಿಯೇನವ್ವ" ಅಂತೀನಿ, ನೀ "ಹೂಂ, ಉಂಡೆ" ಅಂತಿ, ಅಲ್ಲಿಗೆ ಮಾತು ಮುಗೀತು. ಬಾಯಿಲೆ ಆಡಾಕಾಗದ ಮಾತು ಅದಾವು, ಅದಕ್ಕ ಹಳೇ ರಿಜಿಸ್ಟರಿನ ಖಾಲಿ ಹಾಳಿ ಹರ್ಕೊಂಡು ಕುಂತೀನಿ.

ಮೊನ್ನೆ ಸೋಮವಾರ ಅಳಿಯಂದ್ರು ಫೋನ್ ಮಾಡಿದ್ರು. ನಿನಗ ಕೇಳಬಾರದು ಅಂತ ಕುರಿ ಹಟ್ಟಿ ಕಡಿ ಹೋಗಿದ್ರಂತ, ಹಿಂದ ಕುರಿ ಒದರೋದು ಕೇಳತಿತ್ತು. ಹುಲುಗೇಶಪ್ಪ ಹಂಗ ನನ್ನ ಕೂಡ ಹೆಚ್ಚು ಮಾತಾಡೋ ಮನುಷ್ಯ ಅಲ್ಲ. "ಅತ್ತಿ, ಈಕಿ ಏನೂ ತಿನ್ನವಲ್ಲಳ್ರಿ" ಅಂದ್ರು. "ಬರೇ ಅನ್ನ, ಮೆಣಸಿನ ಸಾರು. ದಿನ ಪೂರ್ತಿ ಎರಡು ಲೋಟ ನೀರು, ಅದೂ ಸುಡುಸುಡು. ಮಜ್ಜಿಗಿ ಕಂಡ್ರ ಮಾರಿ ತಿರುವ್ತಾಳ. ಹಾಲು ಕಡಿಮಿ ಆಗ್ಯಾವು, ಕೂಸು ಅಳೋದು ನಿಲ್ಲವಲ್ದು. ಒಂದು ತಿಂಗಳಿಂದ ತೂಕ ಏರಿಲ್ಲ ಅಂತ ಆಶಾ ಅಕ್ಕ ಹೇಳಿ ಹೋದ್ಲು. ಏನರ ಅಂದ್ರ, 'ಬಾಯಿ ಚಪಲಕ್ಕ ಒಂದನ್ನ ಕಳಕೊಂಡೀನಿ, ಇದನ್ನ ಕಳಕೊಳ್ಳಲ್ಲ' ಅಂತಾಳ. ನೀವು ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾಳ."

ನಾನು "ಹೇಳ್ತೀನಪ್ಪ" ಅಂತ ಫೋನ್ ಇಟ್ಟೆ. ಅವತ್ತಿನಿಂದ ನಂಗ ಊಟ ಸೇರವಲ್ದು.

ಮೊದಲು ಟೀಚರ್ ಆಗಿ ಬರೀತೀನಿ, ಅದು ನಂಗ ಸಲೀಸು. ಇಪ್ಪತ್ತೆರಡು ವರ್ಷದಿಂದ ಅದೇ ಬಾಯಿಪಾಠ.

ಯುಗಾದಿ ಇನ್ನೂ ಮೂರು ದಿನ ಐತಿ, ಆಗಲೇ ಬಿಸಿಲು ತಲಿ ಸೀಳತೈತಿ. ನಿಮ್ಮ ಮನಿ ಮುಂದಿನ ಪಡಸಾಲಿಗೆ ತಗಡು ಹೊದಿಸ್ಯಾರ, ಹತ್ತು ಗಂಟಿ ಮ್ಯಾಲೆ ಅಲ್ಲಿ ತೊಟ್ಲು ಇಡಬ್ಯಾಡ್ರಿ. ಒಳಗ ಮಣ್ಣಿನ ಗ್ವಾಡಿ ಕೋಣಿ ಐತಲ್ಲ, ಅಲ್ಲಿ ಹಾಕ್ರಿ, ಇಲ್ಲಾ ಹಿತ್ತಲದ ಬೇವಿನ ಗಿಡಕ್ಕ ಜೋಳಿಗಿ ಕಟ್ಟ್ರಿ. ಕೂಸಿಗೆ ತೆಳ್ಳನ್ನ ಹತ್ತಿ ಅರಿವಿ ಸಾಕು. ಈ ಬಿಸಿಲಿನಾಗ ಕುಲಾಯಿ ಹಾಕಿ, ಮ್ಯಾಲೆ ದುಪಟಿ ಸುತ್ತಿ, 'ಗಾಳಿ ಸೋಕತೈತಿ' ಅನ್ನೋದು ಎಲ್ಲಿಯ ಮಾತು. ಎರಿಯೋ ನೀರಿಗೆ ನಿನ್ನ ಮೊಣಕೈ ಅದ್ದಿ ನೋಡು, ನಿನಗ ಬಿಸಿ ಅನಿಸಿದ್ರ ಕೂಸಿಗೆ ಸುಡತೈತಿ ಅಂತ ತಿಳ್ಕೊ. ಮೂಗಿನಾಗ, ಕಿವ್ಯಾಗ ಎಣ್ಣಿ ಬಿಡೋದು ಬ್ಯಾಡ, ಅದು ಪುಪ್ಪುಸಕ್ಕ ಇಳಿದ್ರ ದೊಡ್ಡ ರಗಳಿ. ಲೋಬಾನದ ಹೊಗಿ ಕೂಸಿನ ಮಾರಿಗೆ ಹಿಡಿಬ್ಯಾಡ್ರಿ. ಘಮಘಮ ಬೇಕಂದ್ರ ನಿಮ್ಮ ನಿಮ್ಮ ಸೀರಿಗೆ ಹಿಡ್ಕೊಳ್ರಿ.

ಆರು ತಿಂಗಳತನಕ ಅಂವಗ ನೀರು ಬ್ಯಾಡ, ಜೇನುತುಪ್ಪ ಬ್ಯಾಡ, ಬಜಿ ಬೇರು ತೇದು ನೆಕ್ಕಿಸೋದಂತೂ ಬ್ಯಾಡೇ ಬ್ಯಾಡ. ಬಾಯಾರಿದ್ರ ಎದಿ ಹಾಲು, ಹಸಿದ್ರೂ ಎದಿ ಹಾಲು, ಬ್ಯಾಸಿಗ್ಯಾಗ ಇನ್ನೂ ಎರಡು ಸಲ ಜಾಸ್ತಿ. ಅಂವ ಕುಡಿಯೋ ನೀರು ನಿನ್ನ ಮೈಯಾಗ ಹಾದು ಬರಬೇಕು. ನೀ ಎರಡು ಲೋಟ ಕುಡದು ಕುಂತ್ರ ಎಲ್ಲಿಂದ ಬರಬೇಕು ಹೇಳು. ದಿನಕ್ಕ ಹತ್ತು ಹನ್ನೆರಡು ಲೋಟ ಕುಡಿ. ಮಜ್ಜಿಗಿ ಕುಡಿ, ಉಪ್ಪು ಜೀರಗಿ ಹಾಕ್ಕೊಂಡು. ರೊಟ್ಟಿ, ಬ್ಯಾಳಿ, ಸಬ್ಬಸಗಿ ಪಲ್ಯ, ತತ್ತಿ, ಬಾಳಿಹಣ್ಣು, ಕೈಗೆ ಸಿಕ್ಕದ್ದು ತಿನ್ನು. ತಂಪು ತಿಂದ್ರ ಹಾಲಿನಾಗ ಇಳಿದು ಕೂಸಿಗೆ ಭೇದಿ ಆಗತೈತಿ ಅನ್ನೋದು ಸುಳ್ಳು. ಕೈ ತೊಳೀದೇ ಇದ್ರ ಭೇದಿ ಆಗತೈತಿ, ನೊಣ ಕುಂತ್ರ ಆಗತೈತಿ, ಬಾಟ್ಲಿ ಹಾಲು ಹಾಕಿದ್ರ ಆಗತೈತಿ. ನೀ ತಿಂದ ಹಣ್ಣಿಂದ ಆಗಲ್ಲ. ಈ ಸಾಲು ಎರಡು ಸಲ ಓದು.

ಮಳಿಗಾಲ ಬರೋದ್ರಾಗ ಅಂವ ಅಂಬೆಗಾಲು ಇಡ್ತಾನ, ಆವಾಗ ನಿನ್ನ ಕಣ್ಣು ನೆಲದ ಮ್ಯಾಲೇ ಇರಬೇಕು. ಎಮ್ಮಿ ನೀರು ಕುಡಿಯೋ ಬಾನಿ ಮುಚ್ಚಿಡ್ರಿ, ಗೇಣು ನೀರು ಸಾಕು ಕೂಸು ಮುಳುಗಾಕ. ಡ್ರಮ್ಮು ವಾರಕ್ಕೊಮ್ಮೆ ತಿಕ್ಕಿ ಒಣಗಸ್ರಿ, ಹಗಲು ಮಲಗಿದ್ರೂ ಸೊಳ್ಳಿ ಪರದಿ ಹಾಕ್ರಿ, ಡೆಂಗಿ ಸೊಳ್ಳಿ ಹಗಲೇ ಕಡಿಯೋದು. ಅಳಿಯಂದ್ರು ಕುರಿ ಉಣ್ಣಿ ಔಷಧ ತಂಪು ಪಾನೀಯದ ಬಾಟ್ಲ್ಯಾಗ ಹಾಕಿ ಕಿಟಕ್ಯಾಗ ಇಡ್ತಾರ, ನಾನು ಬಂದಾಗ ನೋಡೀನಿ. ಅದನ್ನ ಇವತ್ತೇ ಮ್ಯಾಲೆ ಅಟ್ಟಕ್ಕ ಏರಿಸಂತ ಹೇಳು, ನಾ ಹೇಳಿದೆ ಅಂತಲೇ ಹೇಳು. ಶೇಂಗಾ ಸುಲಿಯೋವಾಗ ಕೂಸನ್ನ ಮಗ್ಗಲದಾಗ ಬಿಡಬ್ಯಾಡ, ಒಂದು ಕಾಳು ಉಸಿರಿನ ದಾರ್ಯಾಗ ಸಿಕ್ರ ಮುಗೀತು. ಚಳಿಗಾಲದಾಗ ಕಫ ಕಟ್ಟಿ ಪಕ್ಕಿ ಎಳೆದ್ರ, ಯಾರಾರ ಬಳಿ ಕಾಸಿ ಹೊಟ್ಟಿಗೆ ಬರಿ ಹಾಕೋಣ ಅಂದ್ರ, ಅವರಿಗೆ ಚಾ ಕೊಟ್ಟು ಹೊರಗ ಕಳಸಿ ನೀವು ಸೀದಾ ದವಾಖಾನಿಗೆ ಹೋಗ್ರಿ. ಲಸಿಕಿ ಒಂದೂ ತಪ್ಪಿಸಬ್ಯಾಡ. ಜ್ವರ ಬರತೈತಿ ಅಂತ ಬಿಟ್ಟಿ ಅಂದ್ರ ನಾನು ಬಸ್ ಹತ್ತಿ ಬಂದು ಕಪಾಳಕ್ಕ ಹಾಕ್ತೀನಿ.

ಇಷ್ಟು ಬರೆಯೋದ್ರಾಗ ನಿಮ್ಮಪ್ಪ ಹಿಂದ ಬಂದು ನಿಂತು ಓದಿದ್ರು. "ಇದೇನು ಮಗಳಿಗೆ ಕಾಗದೋ, ಪಂಚಾಯ್ತಿ ಗ್ವಾಡಿಗೆ ಹಚ್ಚೋ ಪೋಸ್ಟರೋ?" ಅಂದ್ರು. ಅವರು ಹೊರಗ ಹೋಗೋವಾಗ, "ಹೇಳೋದು ಹೇಳಿಬಿಡು ಶಾಂತಾ, ಮೂರು ವರ್ಷ ಆತು" ಅಂದ್ರು. ಅವರಿಗೆ ಎಷ್ಟು ಗೊತ್ತೈತೋ ನಂಗ ಗೊತ್ತಿಲ್ಲ.

ಇವತ್ತು ಇಷ್ಟಕ್ಕ ನಿಲ್ಲಿಸ್ತೀನಿ.

ಶುಕ್ರವಾರ, ಮಧ್ಯಾಹ್ನ

ಅಂಗನವಾಡ್ಯಾಗ ಕುಂತು ಬರೀತೀನಿ. ಕೂಸುಗಳು ಉಂಡು ಮಲಗ್ಯಾವು. ಎದುರಿಗೆ ಗ್ವಾಡಿ ಮ್ಯಾಲೆ ಆ ಚಿತ್ರ ಐತಿ, ಒಂದು ಲೀಟರ್ ನೀರು, ಒಂದು ಓಆರ್‌ಎಸ್ ಪಾಕೀಟು, ಚಮಚದಿಂದ ಕುಡಿಸೋ ತಾಯಿ. ಆ ಚಿತ್ರದ ಕೆಳಗ ಕುಂತು ನಾನು ಸುಳ್ಳು ಬರಿಯಾಕ ಆಗಲ್ಲ, ಅದಕ್ಕ ಇಲ್ಲೇ ಕುಂತೆ.

ಎರಡನೇ ಬಾಣಂತನಕ್ಕ ತವರಿಗೆ ಬರಲ್ಲ ಅಂದಿ ನೀನು. ಊರಾಗ ಎಲ್ಲಾರೂ "ಯಾಕ ಟೀಚರಮ್ಮ, ಮಗಳು ಬರಲಿಲ್ಲ?" ಅಂತ ಕೇಳಿದ್ರು. "ಅವರತ್ತಿಗೆ ಮೊಮ್ಮಗನ್ನ ಬಿಟ್ಟಿರಾಕ ಆಗಲ್ಲಂತ" ಅಂದೆ. ನೀ ಯಾಕ ಬರಲಿಲ್ಲ ಅಂತ ನಿನಗೂ ಗೊತ್ತು, ನಂಗೂ ಗೊತ್ತು. ನಿನ್ನ ಚೊಚ್ಚಲ ಕೂಸು, ನಮ್ಮ ಚಂದನಾ ಮಲಗಿದ್ದ ಜಾಗದಾಗ ಇನ್ನೊಂದು ಕೂಸು ಮಲಗಿಸಾಕ ನಿನಗ ಧೈರ್ಯ ಬರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳು. ಚಂದನಾಗ ನಾಕೂವರಿ ತಿಂಗಳು. ಮಂಗಳವಾರ ಸಂಜಿಗೆ ಭೇದಿ ಸುರು ಆತು, ಬುಧವಾರ ಮುಂಜಾನೆ ಎಂಟರೊಳಗ ಏಳು ಸಲ ಆತು. ನೆತ್ತಿ ಮ್ಯಾಲಿನ ಮೆತ್ತನ ಜಾಗ ಕುಳಿ ಬಿದ್ದಿತ್ತು. ನಿಮ್ಮಪ್ಪ ಹೋಗಿ ಓಣಿ ತುದಿ ಗಾದೆಮ್ಮನ್ನ ಕರಕೊಂಡು ಬಂದ್ರು. ಈ ಓಣ್ಯಾಗ ನೆತ್ತಿ ಬಿದ್ದ ಕೂಸುಗಳಿಗೆಲ್ಲಾ ನೆತ್ತಿ ಎತ್ತಿದಾಕಿ ಗಾದೆಮ್ಮನ. ಹರಳೆಣ್ಣಿ ಕಾಸಿ ನೆತ್ತಿ ತುಂಬ ಹಾಕಿದ್ಲು, ಅರಿವಿ ಕಟ್ಟಿದ್ಲು, ಬಾಯಾಗ ಬೆರಳಿಟ್ಟು ಅಂಗುಳು ಮ್ಯಾಲೆ ಒತ್ತಿದ್ಲು. "ಹೊತ್ತು ಮುಣುಗೋತನಕ ಎದಿಗೆ ಹಾಕ್ಕೊಬ್ಯಾಡ, ನೀರೂ ಬ್ಯಾಡ, ಹೊಟ್ಟಿ ಖಾಲಿ ಇದ್ರ ತಾನ ನಿಲ್ತೈತಿ" ಅಂದ್ಲು.

ನೀನು ನನ್ನ ಮಾರಿ ನೋಡಿದಿ. "ಅವ್ವ, ಗೂಡಿನಾಗ ಪಾಕೀಟು ಅದಾವಲ್ಲ, ಕಲಸಲೇನು?" ಅಂದಿ. "ಸಂಜಿತನಕ ತಡಿ" ಅಂತ ಕೂಸನ್ನ ನಿನ್ನ ತೊಡಿ ಮ್ಯಾಲಿಂದ ಎತ್ಕೊಂಡು ತೊಟ್ಲಿಗೆ ಹಾಕಿದೆ. ನಿನ್ನ ಎದಿ ಹಾಲು ಸೋರಿ ಕುಬಸ ತೊಯ್ದಿತ್ತು. ಅದನ್ನ ನೋಡಿ ಒಣಾ ಕುಬಸ ತಂದುಕೊಟ್ಟೆ. ಕೂಸನ್ನ ಕೊಡಲಿಲ್ಲ.

ಗಾದೆಮ್ಮನ್ನ ಬೈಬ್ಯಾಡ. ಆಕಿಗೆ ಗೊತ್ತಿದ್ದದ್ದನ್ನ ಆಕಿ ಮಾಡಿದ್ಲು. ನೀ ಎಂಟು ತಿಂಗಳ ಕೂಸಿದ್ದಾಗ ನಿನಗೂ ಭೇದಿ ಆಗಿ ಆಕೀನ ನೆತ್ತಿ ಎತ್ತಿದ್ಲು, ನೀ ಬದುಕಿದಿ. ಪುಸ್ತಕದಾಗ ಏನ ಇರಲಿ, ನನ್ನ ಹೊಟ್ಟ್ಯಾಗ ಆ ನಂಬಿಕಿ ಕುಂತಿತ್ತು. ಇನ್ನೊಂದೂ ಇತ್ತು, ಅದನ್ನೂ ಹೇಳ್ತೀನಿ. ಟೀಚರಮ್ಮನ ಮನ್ಯಾಗೇ ಭೇದಿ ಅಂತ ಮಂದಿ ಆಡ್ಕೊಂಡು ನಗ್ತಾರ ಅಂತ ದವಾಖಾನಿಗೆ ಹೊರಡಾಕ ನಾಚಿಕಿ ಆತು.

ಅವತ್ತು ಹನ್ನೊಂದಕ್ಕ ತಾಯಂದಿರ ಸಭೆ ಇತ್ತು. ನಾನು ಸೀರಿ ಬದಲಿಸಿ ಹೋದೆ. ಈಗ ಕುಂತೀನಲ್ಲ, ಇದೇ ಚಿತ್ರದ ಮುಂದ ನಿಂತು ಸ್ಟೀಲಿನ ಬೋಗಾಣ್ಯಾಗ ಒಂದು ಲೀಟರ್ ನೀರು ಹಾಕಿ, ಪಾಕೀಟು ಹರಿದು, ಕಲಸಿ ತೋರಿಸಿದೆ. ಕುರುಬರ ಓಣಿ ಶಿವಬಸಮ್ಮ ಎದ್ದು ನಿಂತು, "ಟೀಚರಮ್ಮ, ನೆತ್ತಿ ಬಿದ್ರ ಏನು ಮಾಡಬೇಕ್ರಿ?" ಅಂತ ಕೇಳಿದ್ಲು. ನಾನು ಏನಂದೆ ಗೊತ್ತೇನು. "ನೆತ್ತಿ ಬೀಳೋದಲ್ಲವ್ವ, ಮೈಯಾಗಿನ ನೀರು ಹೋದ್ರ ಕುಸೀತೈತಿ. ಎಣ್ಣಿ ಹಾಕಬ್ಯಾಡ್ರಿ. ಎದಿ ಹಾಲು ನಿಲ್ಲಿಸಬ್ಯಾಡ್ರಿ, ಈ ನೀರು ಕುಡಸ್ರಿ, ಕೂಸನ್ನ ಎತ್ಕೊಂಡು ದವಾಖಾನಿಗೆ ಓಡ್ರಿ." ಈ ಬಾಯಿಲೆ ಅಂದೆ. ಅಂದಾಕಿ ಮನಿಗೆ ಓಡಿ ಬರಲಿಲ್ಲ. ಎಲ್ಲಾರ ಸಹಿ ತಗೊಂಡೆ, ಫೋಟೋ ತೆಗೆದು ಕಳಿಸಿದೆ, ಉಳಿದ ಬೆಲ್ಲ, ಶೇಂಗಾ ಹಂಚಿ ಬೀಗ ಹಾಕಿ ಎರಡೂವರಿಗೆ ಬಂದೆ.

ಬಂದು ನೋಡಿದ್ರ ಕೂಸು ಅಳತಿದ್ದಿಲ್ಲ. ಬಾಯಿ ಒಣಗಿತ್ತು, ಕಣ್ಣು ಒಳಗ ಹೋಗಿದ್ವು, ಹೊಟ್ಟಿ ಚರ್ಮ ಹಿಡಿದು ಬಿಟ್ರ ಹಂಗ ನಿಂತಿತ್ತು. ನೀ ಎದಿಗೆ ಒತ್ತಿದ್ರೂ ಬಾಯಿ ತೆರಿಲಿಲ್ಲ. ಆಟೋದಾಗ ಕೊಟ್ಟೂರಿಗೆ ಹೋದ್ವಿ. ಡಾಕ್ಟರು, ನರ್ಸಮ್ಮಾರು ಸೂಜಿ ಹಾಕಾಕ ನರ ಹುಡುಕಿ ಹುಡುಕಿ ಬೆವತ್ರು, ಅವರ ಕೈಲೆ ಆಗೋದೆಲ್ಲಾ ಮಾಡಿದ್ರು. ದೀಪ ಹಚ್ಚೋ ಹೊತ್ತಿಗೆ ಚಂದನಾ ಹೋದ್ಲು. "ಮುಂಜಾನೆ ತಂದಿದ್ರ ಉಳೀತಿತ್ತು" ಅಂತ ಡಾಕ್ಟರು ನನಗೊಬ್ಬಾಕಿಗೇ ಹೇಳಿದ್ರು, ಮೆತ್ತಗ, ನಾನು ಅಂಗನವಾಡಿ ಟೀಚರ್ ಅಂತ ಗೊತ್ತಿತ್ತು ಅವರಿಗೆ.

ಆ ಮಾತು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಇಡೀ ಊರು 'ಬಾಣಂತಿ ಕಲ್ಲಂಗಡಿ ಹಣ್ಣು ತಿಂದು ಹಾಲಿಗೆ ತಂಪು ಇಳಿಸಿದ್ಲು' ಅಂತ ಆಡಿಕೊಂತು. ನೀನೂ ಅದನ್ನ ನಂಬಿದಿ. ನಂಬಿ ಈಗ ಮೆಣಸಿನ ಸಾರು ಉಂಡು, ನೀರು ಬಿಟ್ಟು, ಕುಂತೀದಿ. ಕೀರ್ತನಾ, ನಿನ್ನ ಹಾಲು ಕೆಟ್ಟಿರಲಿಲ್ಲ. ಆ ದಿನ ಕೂಸಿಗೆ ಬೇಕಾಗಿದ್ದದ್ದೇ ಆ ಹಾಲು. ಅದನ್ನ ತಡೆದಾಕಿ ನಾನು.

ಇದನ್ನ ಓದಿ ನಿನಗ ಸಿಟ್ಟು ಬಂದ್ರ ಬರಲಿ. ಅಳು ಬಂದ್ರ ಅಳು, ಆದ್ರ ಅತ್ತ ಮ್ಯಾಲೆ ಒಂದು ಚರಿಗಿ ನೀರು ಕುಡಿ. ಪ್ರಬುದ್ಧಗೂ ಈಗ ಚಂದನಾನ ವಯಸ್ಸೇ, ಇದೂ ಬ್ಯಾಸಿಗಿ. ಅಂವಗ ಏನರ ಹೆಚ್ಚುಕಮ್ಮಿ ಆದ್ರ ನನಗ ಫೋನ್ ಮಾಡಿ ಕೇಳಬ್ಯಾಡ, ನಿಮ್ಮತ್ತಿನ್ನ ಕೇಳಬ್ಯಾಡ, ಯಾರನ್ನೂ ಕೇಳಬ್ಯಾಡ. ಎದಿಗೆ ಹಾಕ್ಕೊಂಡೇ ಗಾಡಿ ಹತ್ತು. ಪಾಕೀಟು ಆಶಾ ಅಕ್ಕನ ಕಡಿಂದ ಇಸ್ಕೊಂಡು ಕೈಗೆ ಸಿಗೋ ಹಂಗ ಇಟ್ಟುಕೊ, ನೀರು ಕಾಸಿ ಆರಿಸಿ ಕಲಸು, ಒಂದೊಂದ ಚಮಚ ಹಾಕ್ಕೊಂತ ದವಾಖಾನಿ ಮುಟ್ಟು. ಯಾರಾರ ನಿನ್ನ ತೊಡಿ ಮ್ಯಾಲಿಂದ ಕೂಸು ಎತ್ಕೊಳಾಕ ಬಂದ್ರ ಕೊಡಬ್ಯಾಡ. ನಾ ಬಂದ್ರೂ ಕೊಡಬ್ಯಾಡ.

ನಿಮ್ಮಪ್ಪ ಭಾನುವಾರ ಹಬ್ಬ ಮುಗಿಸಿ ಸೋಮವಾರ ಹೊಳಲಿಗೆ ಬರ್ತಾರ, ಈ ಕಾಗದ ಅವರ ಕೈಯಾಗ ಕೊಡ್ತೀನಿ. ಅಂಟಿನುಂಡಿ, ನವಣಕ್ಕಿ, ಒಂದು ಡಬ್ಬಿ ತುಪ್ಪ ಕಟ್ಟೀನಿ. ನಾ ಬರಲೋ ಬ್ಯಾಡೋ ಅಂತ ನೀನ ಹೇಳಬೇಕು. ಬ್ಯಾಡ ಅಂದ್ರೂ ತಪ್ಪಿಲ್ಲ.

ನಿಮ್ಮತ್ತಿಗೆ, ಅಳಿಯಂದ್ರಿಗೆ ನನ್ನ ಶರಣು ಹೇಳು. ನಮ್ಮ ಪ್ರಬುದ್ಧ ಹಾಲುಂಡು ಮೈ ತುಂಬಲಿ, ನಮ್ಮೂರ ದೇವರು ಮರುಳಸಿದ್ದ ಅಂವಗ ನೂರು ವರ್ಷ ಆಯುಸ್ಸು ಕೊಡಲಿ. ನಿನ್ನ ಎದ್ಯಾಗ ಹಾಲು ಬತ್ತದಿರಲಿ, ಬಾಯಾಗ ಅನ್ನ ರುಚಿಸಲಿ.

ನಿಮ್ಮವ್ವ,
ಶಾಂತಕುಮಾರಿ

ಮತ್ತೊಂದು ಮಾತು. ಇದನ್ನ ಬ್ಯಾರೆ ಹಾಳಿ ಮ್ಯಾಲೆ ಬರೀತೀನಿ, ಯಾಕಂದ್ರ ಇದು ನೀ ಒಬ್ಬಾಕೀನ ಓದೋದಲ್ಲ. ನಿಮ್ಮತ್ತಿ ಅಂಜಿನಕ್ಕಗ ಓದಾಕ ಬರಲ್ಲ. ಅವರನ್ನ ಕುಂದ್ರಿಸಿ ಅಳಿಯಂದ್ರ ಕೈಲೆ ಜೋರಾಗಿ ಓದಸು.

ಅಂಜಿನಕ್ಕಾರ, ಆ ಕಲ್ಲಂಗಡಿ ಹಣ್ಣನ್ನ ಕೊಟ್ಟೂರು ಸಂತ್ಯಾಗ ತಂದಾಕಿ ನಾನು. ಬಿಸಿಲಿಗೆ ಬಾಯಾರಿ ಕುಂತಿದ್ದ ಮಗಳಿಗೆ ಎರಡು ಹೋಳು ಕೊಯ್ದು ಕೈಯಾಗ ಇಟ್ಟಾಕಿ ನಾನು. ಆಕಿ "ಬಾಣಂತಿ ತಿನ್ನಬಹುದೇನವ್ವ?" ಅಂತ ಕೇಳಿದ್ಲು, "ತಿನ್ನು, ಏನೂ ಆಗಲ್ಲ" ಅಂದೆ. ಆ ಮಾತು ಖರೇನ ಇತ್ತು, ಹಣ್ಣಿಂದ ಏನೂ ಆಗಿಲ್ಲ. ಆದ್ರ ಅವತ್ತು ದವಾಖಾನಿ ಕಟ್ಟಿ ಮ್ಯಾಲೆ ನೀವು ಬಂದು ನನ್ನ ಕೈ ಹಿಡಿದು "ಏನಾತ್ರಿ ಬೀಗತಿ, ನೀವಿದ್ದೂ ಹಿಂಗಾತಲ್ಲ" ಅಂದ್ರಿ. 'ನೀವಿದ್ದೂ' ಅಂದದ್ದು ನಂಗ ತಡಕೊಳಾಕ ಆಗಲಿಲ್ಲ. "ಹೇಳಿದ್ರೂ ಕೇಳಲಿಲ್ಲರಿ, ಕಲ್ಲಂಗಡಿ ತಿಂದ್ಲು" ಅಂದೆ. ಊರು ಮಂದಿ ಹುಟ್ಟಿಸಿದ ಮಾತಲ್ಲ ಅದು. ಮೊದಲು ಅಂದಾಕಿ ನಾನು, ಹೆತ್ತಾಕಿ.

ಕೀರ್ತನಾ, ಇದನ್ನ ಕೇಳಿ ನಿಮ್ಮತ್ತಿ ನನ್ನ ಬೈತಾರ, ಬೈಲಿ. ನೀ ನಡುವ ಬಂದು "ನಮ್ಮವ್ವಂದೇನೂ ತಪ್ಪಿಲ್ಲರಿ, ನಾನ ತಿಂದೆ" ಅನ್ನಬ್ಯಾಡ. ಅವತ್ತು ಆ ಕಟ್ಟಿ ಮ್ಯಾಲೆ, ಮಡಿಲಾಗ ಕೂಸನ್ನ ಇಟ್ಟುಕೊಂಡು, ನನ್ನ ಮಾರಿ ನೋಡಿ ಹಂಗಂದಿದ್ದಿ. ನಾನು ಕೇಳಿಸ್ಕೊಂಡು ಸುಮ್ಮನ ನಿಂತಿದ್ದೆ.